ಹಾಸಿಗೆ, ದಿಂಬು ಮತ್ತು ಡೆವಲಪರ್ಸ್

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಕಟ್ಟಿದವನು ಹಾಸಿಗೆ ಅಂಗಡಿ ಇಟ್ಟವನಾಗಿರಲಾರ. ಇಟ್ಟಿದ್ದರೆ, ಕಾಲು ಇದ್ದಷ್ಟು ಹಾಸಿಗೆ ಕೊಳ್ಳು ಎಂದಿರುತ್ತಿದ್ದ. ಹೆದ್ದಾರಿಯ ಮಗ್ಗುಲಲ್ಲಿ ಹಾಸಿಗೆ ವ್ಯಾಪಾರ ಮಾಡುತ್ತಿದ್ದ ನಮ್ಮ ಸಾಹುಕಾರರು ಹುಟ್ಟಾ ಈ ಎರಡನೆಯ ಮತದವರು. ಜನ ಅವರನ್ನು ‘ಸಾಹುಕಾರ್ರೇ’ ಎಂದು ಕರೆಯುವಾಗ ಅದರಲ್ಲಿ ಅರ್ಧ ಗೌರವ, ಅರ್ಧ ಗೇಲಿ ಇರುತ್ತಿತ್ತು. ಅವರು ಗೌರವದ ಅರ್ಧವನ್ನು ಎತ್ತಿಕೊಂಡು, ಗೇಲಿಯ ಅರ್ಧವನ್ನು ಕರೆದವರ ಬಾಯಲ್ಲೇ ಬಿಟ್ಟುಬಿಡುತ್ತಿದ್ದರು.

ಅಂಗಡಿ ದೊಡ್ಡದೇನಲ್ಲ. ಬಾಗಿಲಲ್ಲಿ ಸುರುಳಿ ಸುತ್ತಿ ನಿಲ್ಲಿಸಿದ ಹತ್ತಿ ಹಾಸಿಗೆಗಳು, ಒಳಗೆ ಪ್ಲಾಸ್ಟಿಕ್ ಹೊದ್ದ ಫೋಮ್ ಹಾಸಿಗೆಗಳು, ಛಾವಣಿ ಮುಟ್ಟುವ ದಿಂಬಿನ ಗುಡ್ಡ, ನಡುವೆ ಗಿರಾಕಿಗಳು ಮಲಗಿ ನೋಡಲೆಂದು ಹಾಕಿದ ಒಂದು ಮಾದರಿ ಮಂಚ. ಊಟವಾದ ಮೇಲೆ ಆ ಮಂಚದಲ್ಲಿ ಸಾಮಾನ್ಯವಾಗಿ ಸಾಹುಕಾರರೇ ಇರುತ್ತಿದ್ದರು. ಅದು ನಿದ್ದೆಯಲ್ಲ, ಜಾಹೀರಾತು ಎಂದು ಅವರ ವಾದ. ಜಾಹೀರಾತಿಗೆ ಗೊರಕೆ ಯಾಕೆ ಎಂದು ಹೆಂಡತಿ ಕೇಳಿದರೆ, "ಹಾಸಿಗೆ ಗುಣ ರಸ್ತೆವರೆಗೂ ಕೇಳಿಸ್ಬೇಡ್ವೇನೇ?" ಎನ್ನುತ್ತಿದ್ದರು.

ಆ ವರ್ಷ ಅವರು ಅಂಗಡಿಯ ಮೇಲೆ ಒಂದು ಕೋಣೆ ಎಬ್ಬಿಸುತ್ತಿದ್ದರು. ಹೆಚ್ಚಾದ ದಿಂಬು ತುಂಬಿಡಲು ಒಂದೇ ಒಂದು ಕೋಣೆ. ಸಂಗತಿ ಅಷ್ಟಕ್ಕೇ ಮುಗಿದಿದ್ದರೆ ಹೇಳಲು ಏನೂ ಇರುತ್ತಿರಲಿಲ್ಲ. ಆದರೆ ಅದೇ ಹೊತ್ತಿಗೆ ಅವರ ಭಾವ, ಅಂದರೆ ಹೆಂಡತಿಯ ಅಣ್ಣ, ವಿಮೆ ಕಂಪನಿಯಿಂದ ನಿವೃತ್ತರಾಗಿ ತಮ್ಮ ಮನೆಯ ಗೇಟಿಗೆ ‘ಕನ್ಸಲ್ಟೆಂಟ್’ ಎಂದು ಬೋರ್ಡು ತೂಗುಹಾಕಿದರು. ಯಾವ ವಿಷಯದಲ್ಲಿ ಎಂದು ಯಾರೂ ಕೇಳಲಿಲ್ಲ. ಹಾಗಾಗಿ ಭಾವನಿಗೂ ಅದರ ಬಗ್ಗೆ ಯೋಚಿಸುವ ಪ್ರಮೇಯ ಬರಲಿಲ್ಲ.

"ಅಣ್ಣನ ಬೋರ್ಡನ್ನ ಜನ ನಿಂತು ಓದ್ತಾರಂತೆ ಕಣ್ರೀ," ಎಂದು ಹೆಂಡತಿ ಯಾವ ದುರುದ್ದೇಶವೂ ಇಲ್ಲದೆ ಹೇಳಿದಳು. ಸಾಹುಕಾರರ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮರುದಿನ ಬೆಳಿಗ್ಗೆ ಪೇಂಟರ್ ಏಣಿ ಸಮೇತ ಅಂಗಡಿ ಮುಂದೆ ಹಾಜರಾಗಿದ್ದ.

"ಹಾಸಿಗೆ, ದಿಂಬು ಅಂತ ಇದೆಯಲ್ಲ, ಅದರ ಪಕ್ಕ ‘ಮತ್ತು ಡೆವಲಪರ್ಸ್’ ಅಂತ ಬರಿ. ದೊಡ್ಡಕ್ಷರ."

"ಡೆವಲಪರ್ಸ್ ಅಂದ್ರೆ ಯಾರು ಸಾಹುಕಾರ್ರೇ?"

"ನಾನೇ. ಕಾಣಿಸ್ತಿಲ್ವಾ, ಮೇಲೆ ಕಟ್ಟಡ ಏಳ್ತಿದೆ?"

"ನೀವು ಒಬ್ಬರೇ ಅಲ್ವಾ? ‘ರ್ಸ್’ ಯಾಕೆ?"

"ನೀನು ಬಣ್ಣಕ್ಕೆ ಕೂಲಿ ತಗೊಳ್ತೀಯೋ, ವ್ಯಾಕರಣಕ್ಕೋ?"

ಪೇಂಟರ್ ಏಣಿ ಹತ್ತಿ ಬರೆದ. ಹಾಸಿಗೆ, ದಿಂಬು ಎರಡೂ ಸೇರಿದರೂ ಅದಕ್ಕಿಂತ ದೊಡ್ಡದಾಗಿ ಡೆವಲಪರ್ಸ್ ಮಿಂಚತೊಡಗಿತು.

ಈಗ ಊರಿನ ಗಂಟಿನ ವಿಷಯಕ್ಕೆ ಬರಬೇಕು. ಎರಡು ಹೆದ್ದಾರಿ ಒಂದನ್ನೊಂದು ದಾಟುವಲ್ಲಿ ಊರಿನ ರಸ್ತೆಯೂ ಹೋಗಿ ಸೇರಿಕೊಳ್ಳುತ್ತಿತ್ತು. ಮೇಲೆ ಒಂದು ಸೇತುವೆ, ಅಲ್ಲಿಂದ ಇಳಿಯಲು ಒಂದು ಸಪೂರ ರ‍್ಯಾಂಪ್. ಕಟ್ಟಿದವರು ಜನ ಬಾಳಿ ಇಷ್ಟೆಲ್ಲ ಗಾಡಿ ಕೊಳ್ಳುತ್ತಾರೆ ಎಂದು ಎಣಿಸಿರಲಿಲ್ಲ. ಸಂಜೆಯಾದರೆ ಸಾಕು, ಕಾರು, ಲಾರಿ, ಬಸ್ಸು, ಸ್ಕೂಟರುಗಳೆಲ್ಲ ಅಲ್ಲಿ ಹೆಣೆದುಕೊಂಡು ಕೂರುತ್ತಿದ್ದವು. ಅದಕ್ಕೇ ಊರವರು ಆ ಜಾಗವನ್ನು ಗಂಟು ಎಂದೇ ಕರೆಯುತ್ತಿದ್ದರು. ಗಂಟಿನಲ್ಲಿ ಸಿಕ್ಕವರು ಪಕ್ಕದ ಕಾರಿನವರ ಜೊತೆ ಮಾತಿಗಿಳಿದು, ಮಕ್ಕಳ ವಿಷಯ ವಿಚಾರಿಸಿ, ಗಂಟು ಬಿಡುವ ಹೊತ್ತಿಗೆ ಬೀಗರಾಗಿದ್ದೂ ಉಂಟು. ಸಾಹುಕಾರರ ಪಕ್ಕದ ಔಷಧಿ ಅಂಗಡಿಯವನು ತಲೆನೋವಿನ ಮಾತ್ರೆಯೊಂದನ್ನೇ ಮಾರಿ ಮನೆ ಕಟ್ಟಿದ್ದ.

ಪುರಸಭೆಗೆ ಒಂದು ದಿನ ಜ್ಞಾನೋದಯವಾಯಿತು. ದೊಡ್ಡ ದೊಡ್ಡ ಕಟ್ಟಡ ಎಬ್ಬಿಸುವವರಿಂದಲೇ ತಾನೇ ಈ ಗಾಡಿಗಳೆಲ್ಲ ಬರುವುದು? ಹಾಗಿದ್ದರೆ ಯಾರ ಕಟ್ಟಡಕ್ಕೆ ಸಂಜೆ ಹೊತ್ತು ಎಷ್ಟು ಗಾಡಿ ಬರುತ್ತದೋ ಅಷ್ಟಕ್ಕೆ ತಕ್ಕ ಶುಲ್ಕವನ್ನು ಅವರೇ ಕಟ್ಟಲಿ, ಆ ಹಣದಲ್ಲಿ ಗಂಟು ಬಿಡಿಸೋಣ ಎಂದು ನಿರ್ಣಯವಾಯಿತು. ನ್ಯಾಯವಾದ ಮಾತು. ನಿರ್ಣಯವನ್ನು ಕಚೇರಿಯ ಗೋಡೆಗೂ ಅಂಟಿಸಿದರು. ಜನಸಾಮಾನ್ಯರು ಗಂಟಿನಲ್ಲಿ ಸಿಕ್ಕಿಕೊಂಡಿದ್ದರಿಂದ ಕಚೇರಿಯವರೆಗೆ ಬಂದು ಅದನ್ನು ಓದಲಾಗಲಿಲ್ಲ. ಗಂಟಿನ ಆಚೆ ಐದು ಮಹಡಿಯ ಮಾಲ್ ಕಟ್ಟುತ್ತಿದ್ದ ಧಣಿ ಮಾತ್ರ ಓದಿ ಎದೆ ಒತ್ತಿಕೊಂಡ.

ಎಲ್ಲ ಡೆವಲಪರ್‌ಗಳಿಗೂ ನೋಟಿಸು ಮುಟ್ಟಿಸುವ ಕೆಲಸ ಪುರಸಭೆಯ ಗುಮಾಸ್ತನಿಗೆ ಬಿತ್ತು. ಯಾರು ಡೆವಲಪರ್ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಬೋರ್ಡು ನೋಡಿಕೊಂಡು ಹೋದ.

"ಡೆವಲಪರ್ ಅಂದ್ರೆ ನೀವೇನಾ?" ಎಂದು ಅವನು ಅಂಗಡಿ ಮುಂದೆ ರಸ್ತೆಯಲ್ಲೇ ನಿಂತು ಕೂಗಿದ.

ಆ ಮಾತು ಕಿವಿಗೆ ಬಿದ್ದದ್ದೇ ಮಾದರಿ ಮಂಚದ ಮೇಲಿದ್ದ ಸಾಹುಕಾರರು ಎದ್ದು, ಹೊಟ್ಟೆ ಒಳಗೆಳೆದುಕೊಂಡು, ತಲೆಗೂದಲು ಒತ್ತಿಕೊಂಡು ಹೊರಬಂದರು. "ಹೌದು. ಹೇಳಿ."

"ನಿಮ್ಮಲ್ಲಿಗೆ ಸಂಜೆ ಎಷ್ಟು ಗಾಡಿ ಬರತ್ತೆ ಅಂತ ತಿಳಿಸ್ಬೇಕು. ಎಂಜಿನಿಯರ್ ಮೇಡಂ ಖುದ್ದು ಬಂದು ಎಣಿಸ್ತಾರೆ. ಗಂಟು ಸರಿ ಮಾಡ್ತಿದಾರಲ್ಲ, ಅದಕ್ಕೆ."

"ಎಣಿಸಿ ಏನು ಮಾಡ್ತಾರೆ?"

"ಗಾಡಿ ಜಾಸ್ತಿ ಬಂದಷ್ಟೂ ನಿಮಗೆ ಜಾಸ್ತಿ..."

ಆಗಲೇ ಒಂದು ಲಾರಿ ಹಾರ್ನ್ ಹೊಡೆಯಿತು. ಅದಕ್ಕೆ ಹಿಂದಿನ ಬಸ್ಸು ಉತ್ತರ ಕೊಟ್ಟಿತು.

"ಏನು ಜಾಸ್ತಿ?"

"ಶು..." ಎಂದ ಗುಮಾಸ್ತ. ಪೋಂ ಎಂದಿತು ಲಾರಿ. "ಶು..." ಎಂದ ಮತ್ತೆ. ಈ ಸಲ ಹೆದ್ದಾರಿಗೆ ಹೆದ್ದಾರಿಯೇ ಊಳಿಟ್ಟಿತು. ಅವನು ಕೈಚೆಲ್ಲಿ, ಕಾಗದವೊಂದನ್ನು ಸಾಹುಕಾರರ ಕೈಗೆ ತುರುಕಿ, ಎರಡು ಕಾರಿನ ನಡುವೆ ಮಾಯವಾದ.

ಸಾಹುಕಾರರು ಕಾಗದ ಬಿಡಿಸಿದರು. ‘ಮಾನ್ಯ ಡೆವಲಪರ್ ಅವರಿಗೆ’ ಎಂದಿತ್ತು. ಮುಂದೆ ಸದರಿ, ಮೇಲ್ಕಂಡ, ತತ್ಸಂಬಂಧ ಎಂದೆಲ್ಲ ಇತ್ತು. ಓದಬೇಕಾದದ್ದು ಮೊದಲ ಸಾಲಲ್ಲೇ ಮುಗಿದಿದ್ದರಿಂದ ಅವರು ಅದನ್ನು ಮಡಚಿ ಜೇಬಿಗಿಟ್ಟು, ಔಷಧಿ ಅಂಗಡಿಯವನಲ್ಲಿ ಅರ್ಥ ಕೇಳಿದರು. ಊರಲ್ಲಿ ಯಾರಿಗೆ ಏನು ಅರ್ಥವಾಗದಿದ್ದರೂ ಕೇಳುತ್ತಿದ್ದುದು ಅವನನ್ನೇ. ವೈದ್ಯರ ಕೈಬರಹ ಓದಬಲ್ಲವನಿಗೆ ಲೋಕದಲ್ಲಿ ತಿಳಿಯದ್ದು ಏನಿದೆ?

"ಇದರಲ್ಲೇನಿದೆ ಸಾಹುಕಾರ್ರೇ, ಸ್ಪಷ್ಟವಾಗಿದೆ," ಎಂದ ಅವನು. "ಹೊಸ ರ‍್ಯಾಂಪ್ ಕಟ್ತಾರೆ. ಅದನ್ನ ಎಲ್ಲಿ ಇಳಿಸ್ಬೇಕು? ಎಲ್ಲಿ ಗಾಡಿ ಜಾಸ್ತಿ ಬರತ್ತೋ ಅಲ್ಲಿ. ನಿಮ್ಮ ಅಂಗಡಿ ಬಾಗಿಲಿಗೇ ಹೆದ್ದಾರಿ ಬಂದು ಬೀಳತ್ತೆ."

"ಮತ್ತೆ ಆ ‘ಶು’ ಅಂದನಲ್ಲ?"

"ಶುಭವಾಗ್ಲಿ ಅಂದಿರ್ಬೇಕು. ಒಳ್ಳೆ ಮನುಷ್ಯ."

ಸಾಹುಕಾರರ ಕಣ್ಣ ಮುಂದೆ ಹೆದ್ದಾರಿ ಸುರುಳಿ ಬಿಚ್ಚಿದ ಹಾಸಿಗೆಯಂತೆ ಉರುಳುತ್ತ ಬಂದು ಅವರ ಹೊಸ್ತಿಲಲ್ಲಿ ನಿಂತಿತು.

ಮನೆಯಲ್ಲಿ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು. "ಕಾಗದ ಪೂರ್ತಿ ಓದಿದ್ರಾ?"

"ಓದೋದೇನಿದೆ? ಮೊದಲನೇ ಪದವೇ ‘ಮಾನ್ಯ’."

"ಗಾಡಿ ಎಣಿಸ್ತಾರೆ ಅಂದ್ರಲ್ಲ, ನಮ್ಮ ಅಂಗಡಿಗೆ ಬರೋ ಗಾಡಿ ಯಾವುದು? ನಿಮ್ಮದೊಂದು ವ್ಯಾನು. ಅದೂ ತಳ್ಳಿದ್ರೆ."

ಮಾತು ನಿಜವಾಗಿದ್ದರಿಂದ ಸಾಹುಕಾರರಿಗೆ ಕೋಪ ಬಂತು. ತಕ್ಷಣ ಭಾವನಿಗೆ ಫೋನ್ ಮಾಡಿದರು. ತಮ್ಮ ಅಂಗಡಿ ಬಾಗಿಲಿಗೆ ಹೆದ್ದಾರಿ ಬರುವ ಸುದ್ದಿಯನ್ನು ಭಾವನಿಗೆ ಹೇಳುವುದೇ ಮುಖ್ಯ ಉದ್ದೇಶ. ಸಲಹೆ ಕೇಳಿದ್ದು ನೆಪಕ್ಕೆ. ಆದರೆ ಬೋರ್ಡು ಹಾಕಿದ ಮೇಲೆ ಭಾವನನ್ನು ಯಾರಾದರೂ ಸಲಹೆ ಕೇಳಿದ್ದು ಅದೇ ಮೊದಲು. ಅವರು ಕುರ್ಚಿ ಎಳೆದು ಕೂತು ಸಲಹೆ ಶುರುಮಾಡಿದರು.

"ಎಣಿಸೋ ದಿನ ಗಾಡಿ ಕಡಿಮೆ ಆದ್ರೆ ಮಾನ ಹೋಗತ್ತೆ. ನಿಮ್ಮದಲ್ಲ, ನಮ್ಮ ಮನೆತನದ್ದು. ನನ್ನ ತಂಗಿನ ಕೊಟ್ಟ ಮನೆ ಅದು. ನೆಂಟರು, ಇಷ್ಟರು, ಗುರುತಿದ್ದೋರು, ಎಲ್ಲರನ್ನೂ ಗಾಡಿ ತಗೊಂಡು ಬರೋಕೆ ಹೇಳಿ. ನಾನೂ ನನ್ನ ನೀಲಿ ಕಾರು ತರ್ತೀನಿ."

ಸಾಹುಕಾರರು ಹೊರಟರು. ಕ್ಷೌರದಂಗಡಿಯವನಿಗೆ ಹೇಳಿದರು, ಅವನು ಅರ್ಧ ಕತ್ತರಿಸಿದ ತಲೆಯ ಗಿರಾಕಿಯನ್ನೂ ಸೇರಿಸಿ ಇಬ್ಬರೂ ಬರುತ್ತೇವೆಂದ. ದೊಡ್ಡಪ್ಪನ ಮಕ್ಕಳಿಗೆ ಹೇಳಿದರು, ಸೋದರತ್ತೆಯ ಅಳಿಯನಿಗೆ ಹೇಳಿದರು, ಎಂದೋ ಜಗಳವಾಡಿ ಮಾತು ಬಿಟ್ಟಿದ್ದ ಷಡ್ಡಕನ ಮನೆಗೂ ಹೋಗಿ ರಾಜಿಯಾಗಿ ಹೇಳಿದರು. ಕೊನೆಗೆ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರ ಬಳಿ ಹೋದಾಗ ಅವರಿಗೆ ನಿಧಿಯೇ ಸಿಕ್ಕಂತಾಯಿತು.

"ನನ್ನ ಶಿಷ್ಯರನ್ನೆಲ್ಲ ಕರ್ಕೊಂಡು ಬರ್ತೀನಿ," ಎಂದರು ಮೇಷ್ಟ್ರು. "ಒಳ್ಳೇ ಹುಡುಗ್ರು. ಗಾಡಿ ಮುಂದಕ್ಕೆ ಓಡಿಸೋದು ಕಲ್ತಿದಾರೆ. ನಿಲ್ಸೋದು ಮುಂದಿನ ಪಾಠ."

ಎಣಿಕೆಯ ಸಂಜೆ ಬಂತು. ಎಂಜಿನಿಯರ್ ಮೇಡಂ ಚಿಕ್ಕ ವಯಸ್ಸಿನ, ಕಡಿಮೆ ಮಾತಿನ ಹೆಂಗಸು. ಮಡಚುವ ಕುರ್ಚಿಯೊಂದನ್ನು ಬಗಲಲ್ಲಿಟ್ಟುಕೊಂಡು ಬಂದು, ಅಂಗಡಿ ಬಾಗಿಲಲ್ಲಿ ಬಿಡಿಸಿ ಕೂತು, ಹೆಬ್ಬೆರಳಲ್ಲಿ ಒತ್ತುವ ಪುಟ್ಟ ಎಣಿಕೆ ಯಂತ್ರವನ್ನು ಕೈಗೆ ತೆಗೆದುಕೊಂಡಳು. ಒಂದು ಗಾಡಿ ಬಂದರೆ ಒಂದು ಸಲ ‘ಟಕ್’.

ಮೊದಲು ಬಂದದ್ದು ಭಾವನ ನೀಲಿ ಕಾರು. ಟಕ್. ಸಾಹುಕಾರರ ಮೈ ಝುಮ್ಮೆಂದಿತು. ದೊಡ್ಡಪ್ಪನ ಮಕ್ಕಳು ಬಂದರು. ಟಕ್, ಟಕ್. ಷಡ್ಡಕ ಹೊಸ ಕಾರಿನಲ್ಲಿ ಬಂದ. ಅದು ಹೊಸದು ಎಂಬುದು ಹೊಟ್ಟೆಯುರಿಯ ವಿಷಯವಾದರೂ ಟಕ್ ಎಂದದ್ದರಿಂದ ಸಾಹುಕಾರರು ಕ್ಷಮಿಸಿದರು. ಕ್ಷೌರದಂಗಡಿಯವನು ಸ್ಕೂಟರಿನಲ್ಲಿ, ಅರ್ಧ ತಲೆಯವನು ಸೈಕಲ್ಲಿನಲ್ಲಿ.

"ಸೈಕಲ್ ಲೆಕ್ಕಕ್ಕಿಲ್ಲ," ಎಂದಳು ಮೇಡಂ.

"ಅರ್ಧ ಹಾಕ್ಕೊಳ್ಳಿ ಮೇಡಂ. ಹೇಗೂ ತಲೆನೂ ಅರ್ಧ."

ಮೇಡಂ ನಗಲಿಲ್ಲ. "ಆ ನೀಲಿ ಕಾರು ಆಗ್ಲಿಂದ ಸುತ್ತಿ ಸುತ್ತಿ ಬರ್ತಿದೆಯಲ್ಲ?"

ಭಾವ ಐದಾರು ಸುತ್ತು ಹೊಡೆದಿದ್ದರು. ಪ್ರತಿ ಸುತ್ತಿಗೂ ಬೇರೆ ಟೋಪಿ ಹಾಕಿಕೊಂಡಿದ್ದರು.

"ಅವರಿಗೆ ಹಾಸಿಗೆ ಆರಿಸೋದು ಕಷ್ಟ ಮೇಡಂ. ನೋಡ್ತಾರೆ, ಹೋಗ್ತಾರೆ, ಮನಸ್ಸು ತಡೆಯಲ್ಲ, ಮತ್ತೆ ಬರ್ತಾರೆ."

"ಈ ಊರಲ್ಲಿ ಇಷ್ಟೊಂದು ಜನಕ್ಕೆ ಒಂದೇ ದಿನ ಹಾಸಿಗೆ ಬೇಕಾಯ್ತಾ?"

"ನಮ್ಮೂರೋರಿಗೆ ನಿದ್ದೆ ಅಂದ್ರೆ ಪ್ರಾಣ."

ಅಷ್ಟರಲ್ಲಿ ಡ್ರೈವಿಂಗ್ ಸ್ಕೂಲಿನ ಪಡೆ ಬಂತು. ಮೊದಲನೆಯ ಶಿಷ್ಯ ಅಂಗಡಿ ಮುಂದೆ ತಿರುಗಿಸುವಾಗ ಎಂಜಿನ್ ನಿಂತು, ಕಾರು ರಸ್ತೆಗೆ ಅಡ್ಡ ಮಲಗಿತು. ಎರಡನೆಯವನು ಅದನ್ನು ತಪ್ಪಿಸಲು ಹೋಗಿ ಎದುರು ದಿಕ್ಕಿಗೆ ಅಡ್ಡವಾದ. ಮೂರನೆಯವಳು ಹಿಂದಕ್ಕೆ ಹೋಗಲು ಹೊರಟು ಮುಂದಕ್ಕೆ ಬಂದಳು. ಮೇಷ್ಟ್ರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ "ಕ್ಲಚ್ಚು! ಕ್ಲಚ್ಚು!" ಎಂದು ಕೂಗುತ್ತಿದ್ದರು. ಅವರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಲಾರಿ, ಲಾರಿಯ ಹಿಂದೆ ರ‍್ಯಾಂಪ್ ಪೂರ್ತಿ. ಗಂಟಿಗೆ ಗಂಟು ಬಿದ್ದು ಬ್ರಹ್ಮಗಂಟಾಯಿತು. ಮೇಡಂ ಹೆಬ್ಬೆರಳು ನೋವಾಗಿ ಯಂತ್ರವನ್ನು ಇನ್ನೊಂದು ಕೈಗೆ ಬದಲಿಸಿದಳು. ಸಾಹುಕಾರರು ಬಾಗಿಲಲ್ಲಿ ನಿಂತು, ದಂಡು ಗೆದ್ದ ದೊರೆಯ ಹಾಗೆ, ಆ ಹೊಗೆಯನ್ನು ಆಳವಾಗಿ ಉಸಿರಿಗೆಳೆದುಕೊಂಡರು.

ಆ ದಂಡಿನ ನಟ್ಟನಡುವೆ ಸಿಕ್ಕಿಬಿದ್ದವರು ಪುರಸಭೆಯ ಅಧ್ಯಕ್ಷರು. ಗಂಟು ಬಿಡಿಸುವ ಬಗ್ಗೆ ಪಕ್ಕದ ಬಡಾವಣೆಯಲ್ಲಿ ಭಾಷಣ ಮಾಡಲು ಹೊರಟಿದ್ದರು. ಕಾರಿನಲ್ಲಿ ಕೂತು ಕೂತು ಸೊಂಟ ಹಿಡಿದು, ಕೊನೆಗೆ ಬಾಗಿಲು ತೆರೆದು, ಬಗ್ಗಿದ ಮೈಯನ್ನು ಹಾಗೇ ಹೊತ್ತುಕೊಂಡು ಹಾಸಿಗೆ ಅಂಗಡಿಯೊಳಗೆ ಬಂದರು.

"ಒಂದು ನಿಮಿಷ ಬೆನ್ನು ಚಾಚ್ಲಾ?" ಎಂದರು.

ಮಾದರಿ ಮಂಚ ಸಿದ್ಧವಾಗಿತ್ತು. ಅಧ್ಯಕ್ಷರು ಮಲಗಿದರು. ಆ ಒಂದು ನಿಮಿಷ ಎಷ್ಟು ದೊಡ್ಡದಾಯಿತೆಂದರೆ, ರಸ್ತೆ ತೆರವಾಗಿ, ನೆಂಟರೆಲ್ಲ ಚಹಾ ಕುಡಿದು ಹೊರಟುಹೋಗಿ, ಪಕ್ಕದ ಬಡಾವಣೆಯವರು ಬರಿ ಮೈಕಿಗೆ ಚಪ್ಪಾಳೆ ತಟ್ಟಿ ಮನೆ ಸೇರಿದರೂ ಅವರು ಏಳಲಿಲ್ಲ.

"ನೋಡಿದ್ಯೇನೇ?" ಎಂದರು ಸಾಹುಕಾರರು ಹೆಂಡತಿಗೆ. "ಪುರಸಭೆ ಈಗ ನನ್ನ ಅಂಗಡೀಲಿ ಗೊರಕೆ ಹೊಡೀತಿದೆ."

ಮುಂದಿನ ವಾರ ವಿಚಾರಣೆ. ಡೆವಲಪರ್‌ಗಳೆಲ್ಲ ಪುರಸಭೆಯ ಸಭಾಂಗಣಕ್ಕೆ ಬಂದು ತಮ್ಮ ತಮ್ಮ ಗಾಡಿಯ ಲೆಕ್ಕ ಒಪ್ಪಿಸಬೇಕಿತ್ತು. ಸಾಹುಕಾರರು ಇಸ್ತ್ರಿಯ ಅಂಗಿ ಹಾಕಿ, ಹೆಂಡತಿಯನ್ನೂ ಭಾವನನ್ನೂ ಕರೆದುಕೊಂಡು ಮೊದಲ ಸಾಲಿನಲ್ಲೇ ಕೂತರು. ಹಿಂದಿನ ಸಾಲುಗಳಲ್ಲಿ ಔಷಧಿ ಅಂಗಡಿಯವನು, ಫ್ರಿಜ್ ಮಾರುವ ಅಂಗಡಿಯ ಅಮ್ಮ, ಇನ್ನೂ ಹತ್ತಾರು ವ್ಯಾಪಾರಿಗಳು ಇದ್ದರು. ಇವರೆಲ್ಲ ಮಾಲ್ ಧಣಿಯ ಕಟ್ಟಡದಲ್ಲಿ ಅಂಗಡಿಗಳಿಗೆ ಮುಂಗಡ ಕೊಟ್ಟವರು. ತಮ್ಮ ಮಾಲಿನ ಬಾಗಿಲಿಗೂ ರ‍್ಯಾಂಪ್ ಬರುತ್ತದೇನೋ ಎಂದು ಕೇಳಲು ಬಂದಿದ್ದರು.

ಅಧ್ಯಕ್ಷರು ಸೊಂಟಕ್ಕೊಂದು ದಿಂಬು ಕೊಟ್ಟುಕೊಂಡು ಕೂತಿದ್ದರು. ಮೇಡಂ ಮೊದಲು ಕರೆದದ್ದು ಮಾಲ್ ಧಣಿಯನ್ನು.

"ನಿಮ್ಮ ಮಾಲಿಗೆ ಸಂಜೆ ಹೊತ್ತು ಎಷ್ಟು ಗಾಡಿ ನಿರೀಕ್ಷೆ?"

"ನಮ್ಮ ಮಾಲಿಗಾ?" ಧಣಿ ನಿಟ್ಟುಸಿರುಬಿಟ್ಟ. "ಯಾರು ಬರ್ತಾರೆ ಮೇಡಂ? ಅದೊಂದು ಪ್ರಶಾಂತವಾದ ಜಾಗ. ನಡ್ಕೊಂಡು ಬರೋ ನಾಲ್ಕು ಮುದುಕರು, ನೆರಳಿಗೆ ಬರೋ ಒಂದು ನಾಯಿ. ಗಾಡಿ ಅನ್ನೋದೇ ಅಪರೂಪ."

"ನೆಲದಡಿ ಎರಡು ಅಂತಸ್ತು ಪಾರ್ಕಿಂಗ್ ಕಟ್ಟಿದೀರಲ್ಲ?"

"ಅದು ಗಾಳಿ ಆಡೋಕೆ."

ಇದನ್ನು ಕೇಳಿ ಸಾಹುಕಾರರ ಕರುಳು ಚುರ್ ಎಂದಿತು. ಐದು ಮಹಡಿ ಕಟ್ಟಿದ ಮನುಷ್ಯ, ಒಂದು ಗಾಡಿಯೂ ಬರುವುದಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳಬೇಕಾದ ಗತಿ! ಅವರು ಯಾರೂ ಕೇಳದೆಯೇ ಎದ್ದು ನಿಂತರು.

"ಅಯ್ಯೋ ಧಣಿಗಳೇ, ನೀವು ಇಷ್ಟು ಕಷ್ಟದಲ್ಲಿದೀರಿ ಅಂತ ಗೊತ್ತೇ ಇರ್ಲಿಲ್ಲ. ಅಧ್ಯಕ್ಷರೇ, ನನಗೆ ಕೊಡೋದರಲ್ಲಿ ಕಡಿಮೆ ಮಾಡಿ ಇವರಿಗೂ ಸ್ವಲ್ಪ ಕೊಡಿ. ನಾನೇನೂ ಅಂದ್ಕೊಳಲ್ಲ." ಆಮೇಲೆ ಹಿಂದೆ ತಿರುಗಿದರು. "ರೀ ಔಷಧಿ ಅಂಗಡಿಯೋರೇ, ನೀವು ಇವರ ಮಾಲಲ್ಲೇ ತಾನೇ ಮುಂಗಡ ಕೊಟ್ಟಿರೋದು? ನಾಲ್ಕು ಮುದುಕರು, ಒಂದು ನಾಯಿ ಅಂತಿದಾರೆ ಪಾಪ. ಯಾರಿಗ್ರೀ ಮಾತ್ರೆ ಮಾರ್ತೀರಾ? ಬನ್ನಿ, ನನ್ನ ಮೇಲಿನ ಕೋಣೆ ಕೊಡ್ತೀನಿ. ದಿಂಬು ಬೇಕಾದ್ರೆ ಆಚೆ ಇಡ್ತೀನಿ."

ಔಷಧಿ ಅಂಗಡಿಯವನ ಮುಖಕ್ಕೆ ನಿಧಾನವಾಗಿ ರಕ್ತವೇರಿತು. ಅವನು ಎದ್ದ. ಅವನ ಹಿಂದೆ ಹತ್ತಾರು ಕುರ್ಚಿಗಳು ಕಿರ್ ಎಂದವು.

"ಜನಸಾಗರ ಅಂದಿದ್ರಿ ನಮಗೆ!"

ಧಣಿ ಹಿಂದೆ ತಿರುಗಿ ಹಲ್ಲುಕಿರಿದ. "ಬರತ್ತೆ, ಬರತ್ತೆ. ಸಾಗರವೇ ಬರತ್ತೆ."

"ಎಷ್ಟು ಗಾಡಿ?" ಎಂದಳು ಮೇಡಂ ಮುಂದಿನಿಂದ.

ಧಣಿ ಮುಂದೆ ತಿರುಗಿದ. "ಅದು ನಡ್ಕೊಂಡು ಬರೋ ಸಾಗರ ಮೇಡಂ."

"ನಡ್ಕೊಂಡು ಬಂದೋರು ನನ್ನ ಫ್ರಿಜ್ ತಲೆ ಮೇಲೆ ಹೊತ್ಕೊಂಡು ಹೋಗ್ತಾರಾ?" ಎಂದಳು ಹಿಂದಿನಿಂದ ಫ್ರಿಜ್ ಅಂಗಡಿಯಮ್ಮ.

ಧಣಿ ಹಿಂದೆ ತಿರುಗಿದ. "ಅಮ್ಮ, ಕಾರಲ್ಲಿ ಬರ್ತಾರೆ, ವ್ಯಾನಲ್ಲಿ ಬರ್ತಾರೆ, ಸಾಲುಗಟ್ಟಿ..."

"ಸಾಲು ಎಷ್ಟುದ್ದ?" ಎಂದಳು ಮೇಡಂ.

ಧಣಿ ಮುಂದೆ ತಿರುಗಿದ. "ಮೇಡಂ, ಸಾಲು ಅಂದ್ರೆ ಇರುವೆ ಸಾಲು..."

"ಹಾಗಾದ್ರೆ ನಮ್ಮ ಮುಂಗಡ ವಾಪಸ್ ಕೊಡಿ!" ಎಂದು ಹಿಂದಿನವರೆಲ್ಲ ಒಂದೇ ಕೊರಳಲ್ಲಿ ಕೂಗಿದರು. ಅತ್ತ ದರಿ, ಇತ್ತ ಹುಲಿ. ಹಿಂದೆ ಮುಂದೆ ತಿರುಗಿ ತಿರುಗಿ ಧಣಿಯ ಕಾಲರಿನ ಗುಂಡಿ ಕಿತ್ತುಹೋಯಿತು. ಶುಲ್ಕ ಕಟ್ಟುವುದೋ, ಮಾಲ್ ಖಾಲಿ ಬಿಡುವುದೋ ಎಂದು ಅವನು ಕಣ್ಣುಮುಚ್ಚಿ ಯೋಚಿಸಿ, ಕೊನೆಗೆ ಕುಸಿದು ಕೂತು, "ಬರ್ಕೊಳ್ಳಿ ಮೇಡಂ. ಪಾರ್ಕಿಂಗ್ ಎರಡು ಅಂತಸ್ತೂ ತುಂಬತ್ತೆ," ಎಂದ. ಹಿಂದಿನ ಸಾಲುಗಳಿಂದ ಚಪ್ಪಾಳೆ ಬಿತ್ತು.

"ಮುಂದಿನವರು. ಹಾಸಿಗೆ, ದಿಂಬು ಮತ್ತು ಡೆವಲಪರ್ಸ್."

ಸಾಹುಕಾರರು ಎದೆಯುಬ್ಬಿಸಿ ನಿಂತರು. "ಧಣಿಗಳಿಗೆ ಎಷ್ಟು ಬರ್ಕೊಂಡ್ರೋ ಅದಕ್ಕಿಂತ ಒಂದು ಹೆಚ್ಚು ಬರ್ಕೊಳ್ಳಿ."

ಮೇಡಂ ಪೆನ್ನು ಕೆಳಗಿಟ್ಟಳು. "ಯೋಚ್ನೆ ಮಾಡಿ ಹೇಳಿ. ಒಂದೊಂದು ಗಾಡಿಗೂ ನೀವು ಶುಲ್ಕ ಕಟ್ಟಬೇಕು."

"ಶು..." ಎಂದರು ಸಾಹುಕಾರರು.

ಹೊರಗೆ ಯಾವ ಲಾರಿಯೂ ಹಾರ್ನ್ ಹೊಡೆಯಲಿಲ್ಲ. ಆ ಪದದ ಉಳಿದರ್ಧ ಅವರ ತಲೆಯಲ್ಲಿ ತಾನೇ ಪೂರ್ತಿಯಾಯಿತು. ಔಷಧಿ ಅಂಗಡಿಯವನ ಕಡೆ ನೋಡಿದರು. ಅವನು ಛಾವಣಿಯ ಫ್ಯಾನು ನೋಡುತ್ತಿದ್ದ. ಭಾವನ ಕಡೆ ನೋಡಿದರು. ಭಾವ ಬಗ್ಗಿ ಷೂ ಲೇಸು ಕಟ್ಟುತ್ತಿದ್ದರು. ಅವರು ಹಾಕಿದ್ದು ಚಪ್ಪಲಿ.

"ಯಾರೂ ಬರಲ್ಲ ಅಂತ ಹೇಳಿಬಿಡಿ," ಎಂದು ಭಾವ ಕೆಳಗಿನಿಂದಲೇ ಪಿಸುಗುಟ್ಟಿದರು. "ನಾಯಿ ಬರತ್ತೆ ಅನ್ನಿ."

ಹೆಂಡತಿ ಮಾತ್ರ ಅವರ ಮುಖವನ್ನೇ ನೋಡುತ್ತಿದ್ದಳು. "ರೀ, ಇದ್ದದ್ದು ಇದ್ದ ಹಾಗೆ ಹೇಳಿ. ಸುಮ್ಮನೆ ಯಾಕೆ ಬೆವರ್ತೀರಾ?" ಎಂದಳು ಮೆಲ್ಲಗೆ.

ಇದ್ದದ್ದನ್ನು ಇದ್ದ ಹಾಗೆ ಹೇಳುವುದೆಂದರೆ, ತಮ್ಮ ಅಂಗಡಿಗೆ ಗಿರಾಕಿಗಳು ಬರುವುದಿಲ್ಲ ಎಂದು ಊರಿಗೆ ಊರೇ ಕೂತಿರುವಲ್ಲಿ ಒಪ್ಪಿಕೊಳ್ಳುವುದು. ಆದರೆ ಹಾಸಿಗೆ ವ್ಯಾಪಾರದಲ್ಲಿ ಒಂದು ಗುಣವಿದೆ. ಬಿದ್ದರೂ ಮೆತ್ತಗೆ ಬೀಳುವುದನ್ನು ಅದು ಕಲಿಸುತ್ತದೆ.

"ಮೇಡಂ," ಎಂದರು. "ಅವತ್ತು ನೀವು ಎಣಿಸಿದ ಗಾಡಿಗಳೆಲ್ಲ ನಿಜ. ಆದ್ರೆ ಅವರು ಯಾರೂ ಹಾಸಿಗೆಗೆ ಬಂದೋರಲ್ಲ. ದೊಡ್ಡಪ್ಪನ ಮಕ್ಕಳು, ಷಡ್ಡಕ, ಕ್ಷೌರದೋನು, ಮೇಷ್ಟ್ರು, ಈ ನಮ್ಮ ಭಾವ. ನಾನು ಕರೆದೆ, ಕೆಲಸ ಬಿಟ್ಟು ಬಂದ್ರು. ಯಾಕೆ ಅಂತ್ಲೂ ಕೇಳ್ಲಿಲ್ಲ. ಹಾಸಿಗೆಗೆ ಅಂತ ಬರೋದು ನನ್ನ ವ್ಯಾನೊಂದೇ. ಉಳಿದದ್ದೆಲ್ಲ ನನ್ನ ಮೇಲಿನ ಪ್ರೀತಿಗೆ ಬಂದದ್ದು. ಪ್ರೀತಿಗೂ ಶುಲ್ಕ ಇದೆಯಾ?"

ಮೇಡಂ ಮೊದಲು ನಕ್ಕಳು. ಆಮೇಲೆ ಇಡೀ ಸಭಾಂಗಣ ನಕ್ಕಿತು. ಆ ನಗೆಯಲ್ಲಿ ಗೇಲಿಯ ಪಾಲು ಇರಲಿಲ್ಲ. ಭಾವ ತಲೆಯೆತ್ತಿ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು.

"ಪ್ರೀತಿಗೆ ಶುಲ್ಕ ಇಲ್ಲ," ಎಂದಳು ಮೇಡಂ. "ನಿಮಗಂತೂ ಅದು ಬೀಳ್ಲೇಬಾರದಿತ್ತು. ಈ ನಿಯಮ ದೊಡ್ಡ ಕಟ್ಟಡಕ್ಕೆ. ದಿಂಬು ಇಡೋ ಒಂದು ಕೋಣೆಗಲ್ಲ. ನಮ್ಮ ಗುಮಾಸ್ತ ಬೋರ್ಡ್ ನೋಡಿ ನಿಮ್ಮಲ್ಲಿಗೆ ಬಂದ, ಅಷ್ಟೇ. ಅದೊಂದು ಪದ ಅಳಿಸಿಬಿಟ್ರೆ ನಿಮ್ಮನ್ನ ಪಟ್ಟಿಯಿಂದ ಬಿಟ್ಬಿಡ್ತೀವಿ."

ಸಾಹುಕಾರರು ಯೋಚನೆಗೆ ಬಿದ್ದರು. ಒಂದು ಕಡೆ ಗಾಡಿಗೊಂದು ಶುಲ್ಕ, ಇನ್ನೊಂದು ಕಡೆ ‘ಮಾನ್ಯ’. ಅವರು ನಿಜಕ್ಕೂ ತೂಗಿ ನೋಡುತ್ತಿರುವುದನ್ನು ಕಂಡು ಸಭಾಂಗಣವೇ ಉಸಿರು ಬಿಗಿಹಿಡಿಯಿತು.

"ಅಳಿಸ್ತಾರೆ, ಬರ್ಕೊಳ್ಳಿ," ಎಂದಳು ಹೆಂಡತಿ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಈ ಸಭೇಲಿ ನಾನೊಂದು ಮಾತು ಹೇಳ್ಬೇಕು. ಇವರು ಗಾಡಿ ವಿಷಯದಲ್ಲಿ ಏನೇ ಹೇಳಿರ್ಲಿ, ಹಾಸಿಗೆ ವಿಷಯದಲ್ಲಿ ಸುಳ್ಳು ಹೇಳಿಲ್ಲ. ಅಂಥದ್ದೊಂದು ನಮ್ಮ ಮನೆಗೆ ಕಳಿಸಿಕೊಡಿ."

ಹೊರಗೆ ಬಂದ ಮೇಲೆ ಸಾಹುಕಾರರು ಮೆಟ್ಟಿಲಿಳಿಯುತ್ತ ಭಾವನ ಹೆಗಲ ಮೇಲೆ ಕೈಹಾಕಿದರು. "ನೋಡಿದ್ರಾ ಭಾವ? ನಾನು ಡೆವಲಪರ್ ಆಗಿ ಉಳಿದ್ರೆ ಬೇರೆಯೋರ ಗತಿ ಏನು ಅಂತ ಪುರಸಭೆನೇ ಕೈಮುಗಿದು ಬೇಡ ಅಂತು."

ಹೆಂಡತಿ ಹಿಂದಿನಿಂದ ಬರುತ್ತ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಗಂಟು ಬಿಡಿಸಲು ವರ್ಷ ಹಿಡಿಯಿತು. ಶುಲ್ಕವಾಗಿ ಮಾಲ್ ಧಣಿ ಕಟ್ಟಿದ್ದು, ಉಳಿದ ದೊಡ್ಡ ಕಟ್ಟಡದವರು ಕಟ್ಟಿದ್ದು ಎಲ್ಲ ಸೇರಿ ಅಗಲವಾದ ಎರಡು ರ‍್ಯಾಂಪ್ ಎದ್ದವು. ಮಾಲ್ ತೆರೆದ ದಿನವೇ ಪಾರ್ಕಿಂಗ್ ತುಂಬಿತು. ಧಣಿ ಶುಲ್ಕದ ದುಃಖವನ್ನು ಬಾಡಿಗೆಯಲ್ಲಿ ಮರೆತ. ರ‍್ಯಾಂಪಿನ ಉದ್ಘಾಟನೆಗೆ ಅಧ್ಯಕ್ಷರು ಸಾಹುಕಾರರನ್ನು ವಿಶೇಷವಾಗಿ ಕರೆಸಿದರು. ಧಣಿಯ ಬಾಯಿಂದ ಸತ್ಯ ಹೊರಡಿಸಿದ್ದು ಸಾಹುಕಾರರ ಜಾಣತನ ಎಂದು ಅಷ್ಟರಲ್ಲಿ ಊರೆಲ್ಲ ನಂಬಿತ್ತು. ಸಾಹುಕಾರರೂ ನಂಬಿದ್ದರು.

ರಿಬ್ಬನ್ ಕತ್ತರಿಸಿದ ಮೇಲೆ ಮೊದಲ ಗಾಡಿ ತಮ್ಮದೇ ಹೋಗಬೇಕೆಂದು ಹಟ ಹಿಡಿದು, ಅವರು ವ್ಯಾನ್ ಹತ್ತಿದರು. ಮೇಲೆ ಎರಡು ಹಾಸಿಗೆ ಬಿಗಿದಿದ್ದವು, ಪಕ್ಕದಲ್ಲಿ ಭಾವ ಕೂತಿದ್ದರು. ರ‍್ಯಾಂಪಿನಿಂದ ಇಳಿದು ನೇರ ಅಂಗಡಿ ಮುಂದೆ ನಿಲ್ಲಿಸುವುದು, ಅಲ್ಲಿ ಹೆಂಡತಿ ಮತ್ತು ಅಕ್ಕಪಕ್ಕದವರು ಚಪ್ಪಾಳೆ ತಟ್ಟುವುದು ಎಂದು ಏರ್ಪಾಡಾಗಿತ್ತು.

ಆ ಜಾಗದಲ್ಲಿ ಸಾಹುಕಾರರು ಜನ್ಮದಲ್ಲೇ ಎರಡನೇ ಗೇರ್ ದಾಟಿದವರಲ್ಲ. ಈಗ ರಸ್ತೆ ಬೆಣ್ಣೆಯ ಹಾಗಿತ್ತು. ಮೂರನೇ ಗೇರ್ ಬಿತ್ತು. ನಾಲ್ಕನೆಯದೂ ಇದೆಯೆಂದು ಅವತ್ತೇ ಅವರಿಗೆ ತಿಳಿದದ್ದು. ವ್ಯಾನು ಹಕ್ಕಿಯ ಹಾಗೆ ಇಳಿಯಿತು. ಅಂಗಡಿ ಬಂತು, ಜನ ಕಂಡರು, ಹೆಂಡತಿ ಕೈ ಬೀಸಿದಳು, ಸಾಹುಕಾರರು ಎರಡೂ ಕೈ ಬೀಸಿದರು.

"ಅಂಗಡಿ! ಅಂಗಡಿ!" ಎಂದು ಭಾವ ಕೂಗಿದರು.

"ಎಲ್ಲಿ?"

"ಹಿಂದೆ!"

ಅಷ್ಟರಲ್ಲಿ ಹಿಂದಿನಿಂದ ಊರಿನ ಗಾಡಿಗಳೆಲ್ಲ ಎಷ್ಟೋ ವರ್ಷದ ಹಸಿವು ತೀರಿಸಿಕೊಳ್ಳುವವರಂತೆ ಓಡಿಬರುತ್ತಿದ್ದವು. ನಿಲ್ಲಿಸುವಂತಿಲ್ಲ, ತಿರುಗಿಸುವಂತಿಲ್ಲ, ತಿರುಗಿಸುವ ಜಾಗ ಇದ್ದದ್ದು ಮುಂದಿನ ಊರಲ್ಲಿ.

ಮುಂದಿನ ಊರಿನ ಪೆಟ್ರೋಲ್ ಬಂಕಿನಲ್ಲಿ ವ್ಯಾನು ಬಿಸಿಯಾಗಿ ತಾನೇ ನಿಂತಿತು. ಭಾವ ಇಳಿದು ತಲೆ ಹಿಡಿದುಕೊಂಡು ಕಲ್ಲಿನ ಮೇಲೆ ಕೂತರು. ಬಂಕಿನ ಮಾಲೀಕ ಹೊರಗೆ ಬಂದು ವ್ಯಾನಿನ ಮೇಲೆ ಕಣ್ಣಾಡಿಸಿ, "ಏನು ಸ್ವಾಮಿ, ಹಾಸಿಗೆ ಮಾರಾಟಕ್ಕಾ?" ಎಂದು ವಿಚಾರಿಸಿದ. ಸಾಹುಕಾರರು ಅಲ್ಲೇ ನೆಲದ ಮೇಲೆ ಒಂದನ್ನು ಬಿಚ್ಚಿ ಹಾಸಿ, ಅವನನ್ನು ಮಲಗಿಸಿದರು. ಅವನು ಏಳುವಷ್ಟರಲ್ಲಿ ಇನ್ನೊಂದಕ್ಕೂ ಗಿರಾಕಿ ನಿಂತಿದ್ದ.

ಎರಡನೆಯದರ ಚೌಕಾಸಿ ಮುಗಿಯುವ ಹೊತ್ತಿಗೆ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ರೀ, ನಾವೆಲ್ಲ ಇಲ್ಲಿ ಚಪ್ಪಾಳೆ ಹಿಡ್ಕೊಂಡು ನಿಂತಿದೀವಿ. ಎಲ್ಲಿದೀರಾ ನೀವು?"

ಸಾಹುಕಾರರು ಬಂಕನ್ನೂ ಬೀದಿಯನ್ನೂ ಆಚೆಯ ಖಾಲಿ ಮಳಿಗೆಯನ್ನೂ ನಿಧಾನವಾಗಿ ಒಮ್ಮೆ ನೋಡಿ, ಬೆನ್ನ ಹಿಂದೆ ಕೈಕಟ್ಟಿಕೊಂಡರು. ಫೋನು ಕೆಳಗೆ ಬೀಳುವುದರಲ್ಲಿತ್ತು, ಹಿಡಿದು ಕಿವಿಗಿಟ್ಟರು.

"ಬ್ರಾಂಚ್ ತೆಗೆಯೋಕೆ ಜಾಗ ನೋಡ್ತಾ ಇದೀನಿ ಕಣೇ," ಎಂದರು. "ಇಲ್ಲೂ ಜನ ಮಲಗ್ತಾರೆ."